"ಅರ್ಥ ಆಯ್ತಾ?" ಅಂದಾಗ "ಹೂಂ" ಅಂದವರು

ಸತ್ಯವೇದದಲ್ಲಿ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ, 26ನೇ ವಚನ ತೆಗೆದಿಟ್ಟುಕೊಳ್ಳಿ. ಅಲ್ಲಿಗೆ ಬರ್ತೀನಿ. ಅದಕ್ಕಿಂತ ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ವಿಷಯ ಹೇಳಬೇಕು. ಇದು ಸಾಕ್ಷಿ ಅಲ್ಲ, ತಪ್ಪೊಪ್ಪಿಗೆ ಅಂತ ತಿಳ್ಕೊಳ್ಳಿ.

ಅಮ್ಮನಿಗೆ ಶುಗರ್. ಮಾತ್ರೆಯಲ್ಲಿ ಹತೋಟಿಗೆ ಬರದೆ ಡಾಕ್ಟರ್ ಇನ್ಸುಲಿನ್ ಪೆನ್ ಬರೆದುಕೊಟ್ಟರು. ಹೇಗೆ ಹಾಕ್ಕೋಬೇಕು ಅಂತ ಆಸ್ಪತ್ರೆಯಲ್ಲಿ ನನಗೆ ತೋರಿಸಿದ್ರು, ನಾನು ಮನೆಯಲ್ಲಿ ಅಮ್ಮನಿಗೆ ತೋರಿಸಬೇಕಿತ್ತು. ಮಾರನೇ ದಿನ ಬೆಳಿಗ್ಗೆ ಆಫೀಸ್ ಕ್ಯಾಬ್ ಗೇಟ್ ಹತ್ರ ನಿಂತಿದೆ. ನಾನು ಹೆಗಲ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡೇ, ನಿಂತ್ಕೊಂಡೇ ತೋರಿಸಿದೆ. ಸೂಜಿ ಹೀಗೆ ಸಿಕ್ಕಿಸು, ನಂಬರ್ ಹೀಗೆ ತಿರುಗಿಸು, ಹೊಟ್ಟೆಗೆ ಚುಚ್ಚು, ಒತ್ತು. "ಅರ್ಥ ಆಯ್ತಾ ಅಮ್ಮ?" ಅಮ್ಮ "ಹೂಂ, ಆಯ್ತು ಹೋಗು" ಅಂದ್ರು. ನಾನು ಓಡಿದೆ.

ಮೂರು ದಿನ ಅಮ್ಮ ಖುಷಿಯಾಗಿದ್ರು. "ಸೂಜಿ ಅಂತ ಸುಮ್ನೆ ಹೆದರಿದ್ದೆ ಕಣೋ, ಸ್ವಲ್ಪನೂ ನೋವಾಗಲ್ಲ, ದೇವರ ಕೃಪೆ" ಅಂದ್ರು. ನಾನೂ ಸ್ತೋತ್ರ ಅಂದೆ. ನಾಲ್ಕನೇ ದಿನ ತಲೆ ಸುತ್ತು, ವಿಪರೀತ ಬಾಯಾರಿಕೆ. ಮಷೀನಲ್ಲಿ ನೋಡಿದ್ರೆ ಶುಗರ್ 300 ದಾಟಿದೆ. ಗಾಬರಿಯಿಂದ, "ಅಮ್ಮ, ಹೇಗೆ ಹಾಕ್ಕೋತೀಯ, ನನ್ನ ಮುಂದೆ ಮಾಡು" ಅಂದೆ.

ಪೆನ್ ಸೂಜಿಗೆ ಎರಡು ಮುಚ್ಚಳ ಇರುತ್ತೆ. ಹೊರಗಡೆ ದೊಡ್ಡದು, ಅದರೊಳಗೆ ಸೂಜಿಗೆ ಅಂಟಿಕೊಂಡಂತೆ ಇನ್ನೊಂದು ಚಿಕ್ಕದು. ಅಮ್ಮ ದೊಡ್ಡದನ್ನ ಮಾತ್ರ ತೆಗೆದು, ಚಿಕ್ಕದರ ಸಮೇತ ಹೊಟ್ಟೆಗೆ ಒತ್ತಿಕೊಂಡ್ರು. ಸೂಜಿ ಒಳಗೆ ಹೋಗಿಯೇ ಇಲ್ಲ. ಔಷಧಿಯೆಲ್ಲ ಆ ಮುಚ್ಚಳದಲ್ಲೇ ನಿಂತುಬಿಟ್ಟಿತ್ತು. ಮೂರು ದಿನ ನೋವಾಗದೆ ಇದ್ದದ್ದು ಅದಕ್ಕೆ.

ಅಮ್ಮನಿಗೆ ತೋರಿಸುವಾಗ ನಾನು ಎರಡು ಮುಚ್ಚಳವನ್ನೂ ಒಂದೇ ಏಟಿಗೆ, ಬೆರಳಲ್ಲೇ ತೆಗೆದುಬಿಟ್ಟಿದ್ದೆ. ನನ್ನ ಕಣ್ಣಿಗೆ ಅದು ಒಂದು ಹೆಜ್ಜೆ ಅಂತಲೇ ಅನಿಸಿರಲಿಲ್ಲ. ಅವತ್ತು ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾಡಿ, ರಾತ್ರಿಯೆಲ್ಲ ಅಮ್ಮನ ಪಕ್ಕ ಕೂತಿದ್ದೆ. ಸಂಡೇ ಸ್ಕೂಲ್‌ನಲ್ಲಿ ಇಷ್ಟು ವರ್ಷ ಕಲಿಸಿದವನು ನಾನು! ಹೆತ್ತ ತಾಯಿಗೆ ಎರಡು ನಿಮಿಷದ ವಿಷಯ ಕಲಿಸೋಕೆ ಬರಲಿಲ್ಲ.

ಈಗ ಒಂದು ಚಿಕ್ಕ ಪರೀಕ್ಷೆ. ಈ ಪುಲ್ಪಿಟ್ ಮೇಲೆ ಬೆರಳಲ್ಲಿ ಒಂದು ಹಾಡಿನ ತಾಳ ತಟ್ತೀನಿ, ಯಾವ ಹಾಡು ಹೇಳಿ. ಕೇಳಿಸ್ತಾ? ಹಿಂದಿನ ಸಾಲಲ್ಲಿ ಯಾರೋ ಹ್ಯಾಪಿ ಬರ್ತ್‌ಡೇ ಅಂದ್ರು. ಅಲ್ಲ ತಮ್ಮ. ಹತ್ತು ನಿಮಿಷದ ಹಿಂದೆ ನೀವೇ ಕೈಯೆತ್ತಿ ಹಾಡಿದ ಕೊನೇ ಹಾಡು! ನನ್ನ ತಲೆಯಲ್ಲಿ ರಾಗ, ಪದ, ಕೀಬೋರ್ಡ್ ಎಲ್ಲ ಓಡ್ತಾ ಇದೆ. ನಿಮಗೆ ಸಿಕ್ಕಿದ್ದು ಬರೀ ಟಕ್ ಟಕ್. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಇದನ್ನೇ ಮಾಡಿಸಿದ್ರು. ಕೇಳುವವರಲ್ಲಿ ಅರ್ಧದಷ್ಟು ಜನ ಕಂಡುಹಿಡೀತಾರೆ ಅಂತ ತಟ್ಟಿದವರ ಅಂದಾಜು. ನಿಜವಾಗಿ ಗೊತ್ತಾಗಿದ್ದು 120 ಹಾಡುಗಳಲ್ಲಿ ಬರೀ 3. ಆಫೀಸಲ್ಲಿ ಕೆಟಿ ಕೊಡ್ತೀರಲ್ಲ, ಹೊಸದಾಗಿ ಸೇರಿದ ಹುಡುಗಿ ತಲೆ ಆಡಿಸ್ತಾ ಕೂತಿರ್ತಾಳಲ್ಲ, ಅವಳಿಗೆ ಕೇಳಿಸ್ತಿರೋದೂ ಬಹುಶಃ ಟಕ್ ಟಕ್ ಮಾತ್ರ.

ಈಗ ಅಪೊಸ್ತಲರ ಕೃತ್ಯಗಳು 8ಕ್ಕೆ ಬನ್ನಿ. ಯೆರೂಸಲೇಮಿನಿಂದ ಗಾಜಕ್ಕೆ ಹೋಗುವ ದಾರಿ. ಐಥಿಯೋಪ್ಯದ ರಾಣಿಯ ಖಜಾನೆಯನ್ನೆಲ್ಲ ನೋಡಿಕೊಳ್ಳುವ ಕಂಚುಕಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದ್ತಾ ಇದ್ದಾನೆ. ಇವತ್ತಿನ ಲೆಕ್ಕದಲ್ಲಿ ಫೈನಾನ್ಸ್ ಮಿನಿಸ್ಟರ್. ಫಿಲಿಪ್ಪ ಹತ್ತಿರ ಓಡಿ ಹೋಗಿ, ಮೊದಲು ಅವನು ಓದೋದನ್ನ ಕೇಳಿಸಿಕೊಳ್ತಾನೆ. ಆಮೇಲೆ, ಓದ್ತಿರೋದು ತಿಳೀತಾ ಇದೆಯಾ ಅಂತ ಕೇಳ್ತಾನೆ. ನಾನು ಅಮ್ಮನಿಗೆ ಕೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ಅಮ್ಮ ಹೂಂ ಅಂದ್ರು. ಈ ದೊಡ್ಡ ಅಧಿಕಾರಿ ಮಾತ್ರ, ಯಾರಾದರೂ ದಾರಿ ತೋರಿಸದೆ ನನಗೆ ಹೇಗೆ ತಿಳಿಯುತ್ತೆ ಅಂತ ಒಪ್ಪಿಕೊಂಡು, ಫಿಲಿಪ್ಪನನ್ನ ರಥ ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಳ್ತಾನೆ.

ಯಾಕೆ ಈ ವ್ಯತ್ಯಾಸ ಅಂತ ತುಂಬಾ ಯೋಚಿಸಿದೆ. ಫಿಲಿಪ್ಪನಿಗೆ ಬೇರೆ ಕಡೆ ಹೋಗುವ ಅವಸರ ಇರಲಿಲ್ಲ, ಅವನು ಓಡಿ ಬಂದಿದ್ದೇ ಈ ಒಬ್ಬನಿಗೋಸ್ಕರ. ನನ್ನ ಹೆಗಲ ಮೇಲೆ ಬ್ಯಾಗ್ ಇತ್ತು. "ಅರ್ಥ ಆಯ್ತಾ?" ಅನ್ನೋ ನನ್ನ ಪ್ರಶ್ನೆಯ ಒಳಗೆ "ಬೇಗ ಹೂಂ ಅನ್ನು, ಕ್ಯಾಬ್ ಕಾಯ್ತಿದೆ" ಅನ್ನೋದು ಇತ್ತು, ಅಮ್ಮನಿಗೆ ಕೇಳಿಸಿದ್ದು ಅದೇ. ಇನ್ನೊಂದು ಗಮನಿಸಿ: 34ನೇ ವಚನದಲ್ಲಿ ಕಂಚುಕಿಯೇ ಪ್ರಶ್ನೆ ಕೇಳ್ತಾನೆ, ಪ್ರವಾದಿ ಹೇಳಿದ್ದು ಯಾರ ವಿಷಯ ಅಂತ. ಫಿಲಿಪ್ಪ ಶುರು ಮಾಡಿದ್ದು ಅವನು ಓದ್ತಾ ಇದ್ದ ಅದೇ ಭಾಗದಿಂದ, ತಾನು ರೆಡಿ ಮಾಡಿಕೊಂಡು ಬಂದ ನೋಟ್ಸ್‌ನಿಂದ ಅಲ್ಲ. (ಇದು ನನಗೇ ಹೇಳಿಕೊಳ್ತಿದ್ದೀನಿ.)

ಕಲಿಯುವವರ ಕಡೆಯೂ ಒಂದು ಮಾತು. ನಿಮ್ಮಲ್ಲಿ ಎಷ್ಟೋ ಜನ ಮೆಟ್ರೋದಲ್ಲಿ ಸಂದೇಶಗಳನ್ನ ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳ್ತೀರಿ, ಆ್ಯಪ್‌ನಲ್ಲಿ ವಚನಕ್ಕೆ ಹಳದಿ ಬಣ್ಣ ಬಳೀತೀರಿ. ತಪ್ಪಲ್ಲ. ಆದ್ರೆ ಶುಕ್ರವಾರ, ಭಾನುವಾರದ ಸಂದೇಶ ಏನು ಅಂತ ಕೇಳಿದ್ರೆ? 2006ರಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದ್ರು. ವಿದ್ಯಾರ್ಥಿಗಳು ಒಂದು ಪಾಠ ಓದಿದ್ರು. ಆಮೇಲೆ ಅದನ್ನ ಕೆಲವು ಸಲ ಮತ್ತೆ ಓದಿಸಿದ್ರು, ಕೆಲವು ಸಲ ಮುಚ್ಚಿಟ್ಟು ನೆನಪಿದ್ದಷ್ಟು ಬರೆಸಿದ್ರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಮುಂದೆ, ಶೇಕಡಾ 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು. ಮತ್ತೆ ಓದಿದ್ದರಲ್ಲಿ ನೆನಪಿದ್ದದ್ದು ಶೇಕಡಾ 42, ಮುಚ್ಚಿಟ್ಟು ಬರೆದದ್ದರಲ್ಲಿ 56. ಮತ್ತೆ ಓದುವಾಗ ಎಲ್ಲ ಸುಲಭ ಅನಿಸುತ್ತೆ, ಬಂತು ಅಂದ್ಕೊಂಡುಬಿಡ್ತೀವಿ. ಮುಚ್ಚಿಟ್ಟು ನೆನಪು ಮಾಡ್ಕೊಳ್ಳೋದು ಕಷ್ಟ, ತಲೆ ಕೆರ್ಕೋಬೇಕು, ಆದ್ರೆ ಒಳಗೆ ನಿಲ್ಲೋದು ಅದೇ. ಅಮ್ಮನ ಸೂಜಿ ನೆನಪಾಗುತ್ತಾ? ನೋವಾಗಲಿಲ್ಲ, ಒಳಗೂ ಹೋಗಲಿಲ್ಲ.

ಅಮ್ಮನಿಗೆ ಎರಡನೇ ಸಲ ಕಲಿಸಿದ್ದು ಶನಿವಾರ ಮಧ್ಯಾಹ್ನ, ಊಟ ಆದ ಮೇಲೆ, ನೆಲದ ಮೇಲೆ ಕೂತು. ನಾನು ಪೆನ್ ಮುಟ್ಟಲಿಲ್ಲ, ಕೈ ಕಟ್ಟಿ ಕೂತೆ. ಅದು ಎಷ್ಟು ಕಷ್ಟ ಗೊತ್ತಾ! ಪ್ರತಿ ಸಲ ಕೈ ಮುಂದೆ ಹೋಗುತ್ತೆ. "ಅಮ್ಮ, ಹೋದ ಸಲ ನಾನು ಸರಿಯಾಗಿ ಹೇಳಿಕೊಡಲಿಲ್ಲ. ಈಗ ನನಗೆ ಏನೂ ಬರಲ್ಲ ಅಂದ್ಕೊಂಡು ನೀನೇ ಹೇಳಿಕೊಡು" ಅಂದೆ. ಅಮ್ಮ ನಕ್ಕು, "ಮೊದಲು ಅಪ್ಪ ಮುಚ್ಚಳ, ಆಮೇಲೆ ಮರಿ ಮುಚ್ಚಳ" ಅಂತ ತಾವೇ ಹೆಸರಿಟ್ಟು ಎರಡನ್ನೂ ತೆಗೆದ್ರು. ಚುಚ್ಚಿಕೊಂಡಾಗ "ಸ್ಸ್" ಅಂದ್ರು. ಅಷ್ಟರಲ್ಲಿ ಅವರೇ, "ಒತ್ತಿದ ಮೇಲೆ ತಕ್ಷಣ ತೆಗೀಬೇಕಾ, ಸ್ವಲ್ಪ ಹೊತ್ತು ಇಟ್ಕೋಬೇಕಾ?" ಅಂತ ಕೇಳಿದ್ರು. ಹತ್ತು ಎಣಿಸೋವರೆಗೂ ಇಟ್ಕೋಬೇಕು. ಅದನ್ನೂ ನಾನು ಮೊದಲು ಹೇಳಿರಲಿಲ್ಲ.

ಸರಿ, ಈಗ ಎಲ್ಲರೂ ನೋಟ್‌ಬುಕ್ ಮುಚ್ಚಿ, ಫೋನ್ ಕೆಳಗಿಡಿ. ನಿಮ್ಮ ಪಕ್ಕದವರ ಕಡೆ ತಿರುಗಿ, ಫಿಲಿಪ್ಪ ಏನು ಮಾಡಿದ ಅಂತ ನಿಮ್ಮ ಮಾತಲ್ಲಿ ಹೇಳಿ. ಒಬ್ಬೊಬ್ಬರಿಗೆ ಎರಡು ನಿಮಿಷ. ನಾನು ಕೆಳಗೆ ಇಳಿದು ಬಂದು ಕೇಳಿಸ್ಕೋತೀನಿ.