ಹವ್ಯಾಸದ ಲೇಸರ್, ವ್ಯವಹಾರದ ಲೆಕ್ಕ

ಸಣ್ಣ ಕೈಗಾರಿಕೆಗಳ ಹಲವು ಹೊಸ ವಿಧಾನಗಳು ಮಾಲೀಕರ ಮನೆಯಲ್ಲಿ, ಬಿಡುವಿನ ವೇಳೆಯಲ್ಲಿ ಹುಟ್ಟುತ್ತವೆ. ಆದರೆ ಅವುಗಳ ಖರ್ಚು ಲೆಕ್ಕಪುಸ್ತಕವನ್ನು ತಲುಪುವಷ್ಟರಲ್ಲಿ ಬಿಲ್ಲುಗಳು ಕಳೆದುಹೋಗಿರುತ್ತವೆ. ಹವ್ಯಾಸವು ಎಲ್ಲಿ ಮುಗಿದು ವ್ಯವಹಾರವು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ಪರಿಶೀಲಿಸಬಹುದು.

ಪ್ರಯೋಗ

ನಾಮಫಲಕ ತಯಾರಿಸುವ ಘಟಕದ ಮಾಲೀಕರೊಬ್ಬರು ಮನೆಯಲ್ಲಿ ಲೇಸರ್ ಜೋಡಣೆಯೊಂದನ್ನು ನಿರ್ಮಿಸುತ್ತಾರೆ ಎಂದು ಭಾವಿಸೋಣ. ತಲಾ 5 ವ್ಯಾಟ್‌ನ 8 ನೀಲಿ ಲೇಸರ್ ಡಯೋಡ್‌ಗಳ ಕಿರಣಗಳನ್ನು ಮಸೂರ ಮತ್ತು ಕನ್ನಡಿಗಳಿಂದ ಒಂದೆಡೆ ಸೇರಿಸಿ, ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೇಲೆ ಅಳಿಸಲಾಗದ ಬಣ್ಣದ ಗುರುತು ಮೂಡಿಸುವುದು ಅವರ ಉದ್ದೇಶ. ಶಾಖದಿಂದ ಉಕ್ಕಿನ ಮೇಲೆ ತೆಳುವಾದ ಆಕ್ಸೈಡ್ ಪದರವುಂಟಾಗುತ್ತದೆ. ಪದರದ ದಪ್ಪಕ್ಕನುಗುಣವಾಗಿ ಬಣ್ಣ ಬದಲಾಗುತ್ತದೆ.

ಇಂತಹ ಜೋಡಣೆಯಲ್ಲಿ ಶಕ್ತಿ ಹೆಚ್ಚುತ್ತದೆಯೇ ಹೊರತು ಬೆಳಕಿನ ಬಿಂದು ಒಂದೇ ಡಯೋಡ್‌ನದಕ್ಕಿಂತ ಸೂಕ್ಷ್ಮವಾಗುವುದಿಲ್ಲ. ಒದಗಿಸಿದ ವಿದ್ಯುತ್ತಿನ ಹೆಚ್ಚಿನ ಭಾಗವು ಶಾಖವಾಗುವುದರಿಂದ ತಂಪುಗೊಳಿಸುವ ವ್ಯವಸ್ಥೆ ಬೇಕು. ಮಿತಿಮೀರಿದ ಶಾಖದಿಂದಲೂ ಸ್ಥಿರ ವಿದ್ಯುತ್ತಿನಿಂದಲೂ ಡಯೋಡ್‌ಗಳು ಸುಟ್ಟುಹೋಗುತ್ತವೆ. ಸತತವಾಗಿ ಹೊಮ್ಮುವ ಅರ್ಧ ವ್ಯಾಟ್‌ಗಿಂತ ಹೆಚ್ಚಿನ ಲೇಸರ್ ಅತ್ಯಂತ ಅಪಾಯಕಾರಿಯಾದ 4ನೇ ವರ್ಗಕ್ಕೆ ಸೇರುತ್ತದೆ. ತಗಡಿನಿಂದ ಪ್ರತಿಫಲಿಸಿದ ಬೆಳಕೂ ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು. ಆದ್ದರಿಂದ ಮುಚ್ಚಿದ ಪೆಟ್ಟಿಗೆ, ಬಾಗಿಲು ತೆರೆದೊಡನೆ ಲೇಸರ್ ಆರಿಸುವ ಸ್ವಿಚ್ಚು, ಆ ತರಂಗಾಂತರಕ್ಕೆಂದೇ ತಯಾರಾದ ಕನ್ನಡಕ ಇವು ಪ್ರಯೋಗದ ಅನಿವಾರ್ಯ ವೆಚ್ಚಗಳು.

ಲೆಕ್ಕದ ಮೂರು ಹಂತಗಳು

ಒಟ್ಟು ವೆಚ್ಚ ರೂ. 1,60,000 ಎಂದಿಟ್ಟುಕೊಂಡರೆ ಅದರ ವಿಂಗಡಣೆ ಹೀಗಿರುತ್ತದೆ.

1. ಹವ್ಯಾಸ (ರೂ. 40,000): ಕುತೂಹಲಕ್ಕಾಗಿ ಸ್ವಂತ ಹಣದಿಂದ ಮಾಡಿದ ಖರ್ಚು ವ್ಯವಹಾರದ ಪುಸ್ತಕಕ್ಕೆ ಸೇರದು. ಘಟಕದ ಹಣ ಬಳಸಿದ್ದರೆ ಅದು ಮಾಲೀಕರ ಡ್ರಾಯಿಂಗ್ಸ್. ಸ್ವಂತ ಬಳಕೆಯ ವಸ್ತುಗಳಿಗೆ ತೆತ್ತ ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆಯೂ ದೊರೆಯದು.

2. ಸಂಶೋಧನೆ (ರೂ. 70,000): ಘಟಕಕ್ಕೆ ಉಪಯೋಗವಾಗಬಹುದೆಂಬ ಉದ್ದೇಶದಿಂದ ಮಾಡಿದ ಪ್ರಯೋಗಗಳ ಖರ್ಚು. ಲೆಕ್ಕ ಮಾನಕ 26ರ ಪ್ರಕಾರ ಈ ಹಂತದಲ್ಲಿ ಯಾವುದೇ ಅಮೂರ್ತ ಆಸ್ತಿಯನ್ನು ತೋರಿಸುವಂತಿಲ್ಲ. ಸುಟ್ಟ ಡಯೋಡ್‌ಗಳೂ ಸೇರಿದಂತೆ ಈ ಮೊತ್ತ ಲಾಭ-ನಷ್ಟ ಖಾತೆಗೆ ಹೋಗುತ್ತದೆ.

3. ಅಭಿವೃದ್ಧಿ (ರೂ. 50,000): ತಾಂತ್ರಿಕ ಸಾಧ್ಯತೆ, ಪೂರ್ಣಗೊಳಿಸುವ ಉದ್ದೇಶ, ಬಳಸುವ ಅಥವಾ ಮಾರುವ ಸಾಮರ್ಥ್ಯ, ಭವಿಷ್ಯದ ಆರ್ಥಿಕ ಲಾಭ, ಸಾಕಷ್ಟು ಸಂಪನ್ಮೂಲ, ವೆಚ್ಚವನ್ನು ನಂಬಲರ್ಹವಾಗಿ ಅಳೆಯುವ ವ್ಯವಸ್ಥೆ ಈ ಆರೂ ಸಿದ್ಧವಾದ ನಂತರದ ವೆಚ್ಚವನ್ನು ಮಾತ್ರ ಆಸ್ತಿಯೆಂದು ತೋರಿಸಬಹುದು.

ಒಮ್ಮೆ ಹಿಂದಿನ ವರ್ಷದ ಲೆಕ್ಕಪತ್ರದಲ್ಲಿ ಖರ್ಚೆಂದು ಬರೆದುದನ್ನು ವಿಧಾನ ಯಶಸ್ವಿಯಾದ ಬಳಿಕ ಆಸ್ತಿಯ ಬೆಲೆಗೆ ಸೇರಿಸಲು ಅವಕಾಶವಿಲ್ಲ. ಬ್ಯಾಂಕಿನ ಮುಂದೆ ಮಾಲೀಕರು ಒಂದು ಲಕ್ಷ ಅರವತ್ತು ಸಾವಿರ ಹಾಕಿದ್ದೇನೆಂದರೂ ಆಸ್ತಿ-ಹೊಣೆ ಪಟ್ಟಿ ಐವತ್ತು ಸಾವಿರವನ್ನೇ ಹೇಳುತ್ತದೆ. ಮೂರನೆಯ ಹಂತ ಆರಂಭವಾದ ದಿನಾಂಕಕ್ಕೆ ದಾಖಲೆಯಿಲ್ಲದಿದ್ದರೆ ಆ ಐವತ್ತು ಸಾವಿರವೂ ಉಳಿಯದು.

ಆದಾಯ ತೆರಿಗೆ

1961ರ ಕಾಯ್ದೆಯ 35ನೇ ಕಲಮಿನಲ್ಲಿ, ವ್ಯವಹಾರಕ್ಕೆ ಸಂಬಂಧಿಸಿದ ವೈಜ್ಞಾನಿಕ ಸಂಶೋಧನೆಯ ಚಾಲ್ತಿ ವೆಚ್ಚಕ್ಕೂ, ಭೂಮಿಯ ಹೊರತು ಬಂಡವಾಳ ವೆಚ್ಚಕ್ಕೂ ಕಡಿತವಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಕಾಯ್ದೆ ಅದರ ಸ್ಥಾನವನ್ನು ಪಡೆದಿರುವುದರಿಂದ, ವೆಚ್ಚವಾದ ವರ್ಷಕ್ಕೆ ಅನ್ವಯಿಸುವ ಕಾಯ್ದೆಯನ್ನೇ ನೋಡತಕ್ಕದ್ದು. ವ್ಯವಹಾರದೊಂದಿಗಿನ ಸಂಬಂಧವನ್ನು ರುಜುವಾತುಪಡಿಸುವ ಹೊಣೆ ಮಾತ್ರ ತೆರಿಗೆದಾರರದೇ.

ಪಾಲಿಸಬೇಕಾದ ಕ್ರಮಗಳು

(ಅ) ಪ್ರಯೋಗಕ್ಕೆ ಪ್ರತ್ಯೇಕ ಖಾತೆ ತೆರೆದು, ಬಿಲ್ಲುಗಳನ್ನು ಘಟಕದ ಹೆಸರಿನಲ್ಲೇ ಪಡೆಯುವುದು.
(ಆ) ಪ್ರತಿ ಪ್ರಯೋಗದ ದಿನಾಂಕ, ಉದ್ದೇಶ, ಫಲಿತಾಂಶ ಮತ್ತು ಹಾಳಾದ ಸಾಮಗ್ರಿಯನ್ನು ಪುಸ್ತಕದಲ್ಲಿ ಬರೆದಿಡುವುದು.
(ಇ) ಅಭಿವೃದ್ಧಿ ಹಂತ ಆರಂಭಿಸುವ ನಿರ್ಧಾರವನ್ನು ಲಿಖಿತವಾಗಿ ದಾಖಲಿಸಿ ಸಹಿ ಮಾಡುವುದು.

ಎರಡು ರೂಪಾಯಿಯ ಹಾಳೆಯ ಮೇಲೆ ಅಂದೇ ಬರೆದಿಟ್ಟ ದಿನಾಂಕವು ಮುಂದೆ ಸಾವಿರಾರು ರೂಪಾಯಿಗಳನ್ನು ಉಳಿಸಬಲ್ಲದು.