ಬಾಟಲಿಯ ಮೇಲೆ ಬೆಳೆದವರ ಹೆಸರು

ನಮ್ಮ ಮನೆಯ ದ್ರಾಕ್ಷಿ ತೋಟ ಇರುವುದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಏಪ್ರಿಲ್‌ನಲ್ಲೊಂದು ಚಾಟ್ನಿ, ಅಂದರೆ ಬಳ್ಳಿ ಸವರುವಿಕೆ, ಅಕ್ಟೋಬರ್‌ನಲ್ಲೊಂದು ಚಾಟ್ನಿ, ಆಮೇಲೆ ಒಣದ್ರಾಕ್ಷಿ. ದ್ರಾಕ್ಷಿಯೆಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಓದಲೆಂದು ಫ್ರಾನ್ಸಿನ ಲಿಯೋಂಗೆ ಬಂದವಳು ಕೈಖರ್ಚಿಗೆ ಒಂದು ಸೆಪ್ಟೆಂಬರ್‌ನಲ್ಲಿ ಬೋಜೋಲೆಗೆ ಗೊಂಚಲು ಕೊಯ್ಯಲು ಹೋದೆ. ಈಗ ಹನ್ನೆರಡು ವರ್ಷದಿಂದ ಇಲ್ಲಿನ ಒಂದು ಅಂಗಡಿಗೆ ಸಣ್ಣ ಬೆಳೆಗಾರರ ವೈನ್ ಆರಿಸಿ ತರುವುದೇ ನನ್ನ ಕೆಲಸ. ಊರಿನಿಂದ ಬಂದವರು ಯಾವುದನ್ನು ಕೊಳ್ಳಬೇಕು ಎಂದು ಕೇಳಿದಾಗ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಮೊದಲು ಓದಿ

ದೊಡ್ಡ ಅಕ್ಷರದಲ್ಲಿ ಊರಿನ ಹೆಸರು, ಕೋಟೆಯ ಚಿತ್ರ ಇರುತ್ತದೆ. ಬೇಕಾದ ಸುದ್ದಿ ಇರುವುದು ಕೆಳಗೆ. 'ಮಿಜ಼್ ಆನ್ ಬುತೇಯ್ ಓ ದೊಮೇನ್' ಎಂದಿದ್ದರೆ ತೋಟದ ಮನೆಯಲ್ಲೇ ಬಾಟಲಿ ತುಂಬಿದ್ದಾರೆ ಎಂದರ್ಥ. ಶಾಂಪೇನ್ ಆದರೆ ಲೇಬಲ್ಲಿನ ಅಂಚಿನಲ್ಲಿ ಎರಡು ಅಕ್ಷರ ಹುಡುಕಿ. 'ಆರ್‌ಎಂ' ಎಂದರೆ ತಾನೇ ಬೆಳೆದು ತಾನೇ ಮಾಡಿದವರು, 'ಎನ್‌ಎಂ' ಎಂದರೆ ಬೇರೆಯವರ ದ್ರಾಕ್ಷಿ ಕೊಂಡು ಮಾಡುವ ವ್ಯಾಪಾರಿಗಳು. ವ್ಯಾಪಾರಿಗಳಲ್ಲೂ ಒಳ್ಳೆಯವರಿದ್ದಾರೆ. ಆದರೆ ಬೆಳೆದವರ ಕೈಯ ರುಚಿ ಬೇಕೆನ್ನುವವರು ಈ ಎರಡು ಅಕ್ಷರ ನೋಡದೆ ದುಡ್ಡು ಕೊಡಬಾರದು.

2. ಊರು ಒಂದೇ, ಕೈ ಎಂಬತ್ತು

ಬರ್ಗಂಡಿಯ ಕ್ಲೋ ದ ವೂಜೋ ಎಂಬ ತೋಟವನ್ನು ಸಿಸ್ಟರ್ಸಿಯನ್ ಸನ್ಯಾಸಿಗಳು ಕಟ್ಟಿ ಬೆಳೆಸಿದರು. ಸುತ್ತ ಕಲ್ಲಿನ ಗೋಡೆ, ಒಳಗೆ ಸುಮಾರು 50 ಹೆಕ್ಟೇರ್. ಫ್ರಾನ್ಸಿನ ಕ್ರಾಂತಿಯಲ್ಲಿ ಅದು ಮಠದ ಕೈತಪ್ಪಿತು. ಮುಂದೆ ಮಾರಾಟ, ಪಾಲು ಎಂದು ಒಡೆಯುತ್ತಾ ಹೋಗಿ ಇಂದು ಆ ಒಂದು ಗೋಡೆಯೊಳಗೆ ಸುಮಾರು ಎಂಬತ್ತು ಒಡೆಯರಿದ್ದಾರೆ. 1804ರ ನೆಪೋಲಿಯನ್ ಸಂಹಿತೆ ಆಸ್ತಿಯನ್ನು ಮಕ್ಕಳಿಗೆಲ್ಲ ಸಮನಾಗಿ ಹಂಚಬೇಕೆಂದಿತು. ಬರ್ಗಂಡಿಯಲ್ಲಿ ಒಬ್ಬೊಬ್ಬರಿಗೆ ನಾಲ್ಕಾರು ಸಾಲು ಬಳ್ಳಿ ಉಳಿದದ್ದರಲ್ಲಿ ಅದರ ಪಾಲು ದೊಡ್ಡದು. ಪಾಲಾಗಿ ಪಾಲಾಗಿ ಎಕರೆ ಗುಂಟೆಗೆ ಇಳಿದದ್ದನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೋಡೆಯೊಳಗಿನ ಮೇಲುಭಾಗದ ನೆಲದಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಕೆಳಗೆ, ಹೆದ್ದಾರಿಯ ಪಕ್ಕ ಮಣ್ಣು ಜಿಗುಟು. ಆದರೂ ಎಲ್ಲ ಬಾಟಲಿಯ ಮೇಲೂ ಅದೇ ದೊಡ್ಡ ಹೆಸರು, ಎಲ್ಲಕ್ಕೂ ಗ್ರಾಂ ಕ್ರೂ ಎಂಬ ಅತಿ ಮೇಲಿನ ದರ್ಜೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಆ ಹೆಸರು ನಂಬಿ ಒಂದು ಪೆಟ್ಟಿಗೆ ಕೊಂಡೆ. ತೆಳ್ಳಗೆ, ಬರೀ ಒಗರು. ಅದೇ ವಾರ ಇನ್ನೊಬ್ಬ ಬೆಳೆಗಾರರ ನೆಲಮಾಳಿಗೆಯಲ್ಲಿ ಅಲಿಗೋತೆ ಕುಡಿದೆ. ಅದು ಬರ್ಗಂಡಿಯಲ್ಲಿ ಶಾರ್ದೊನೇಯ ಎದುರು ಯಾರೂ ಲೆಕ್ಕಕ್ಕೆ ಹಿಡಿಯದ ಬಿಳಿ ದ್ರಾಕ್ಷಿ. ನಿಂಬೆಯ ಚುರುಕು, ಹಿಂದೆಯೇ ಒದ್ದೆ ಕಲ್ಲಿನಂಥ ತಂಪು. ಆ ಪೆಟ್ಟಿಗೆಯ ಒಂದು ಬಾಟಲಿಯ ಬೆಲೆಗೆ ಇದರ ಹತ್ತು ಬರುತ್ತಿದ್ದವು. ಅಂದಿನಿಂದ ಊರಿನ ಹೆಸರಿಗೆ ಮೊದಲು ಮನುಷ್ಯರ ಹೆಸರು ಕೇಳುತ್ತೇನೆ. ಒಳ್ಳೆಯ ಬೆಳೆಗಾರರ ಅಗ್ಗದ ವೈನ್ ಕೆಟ್ಟ ಬೆಳೆಗಾರರ ದುಬಾರಿ ವೈನಿಗಿಂತ ಮೇಲು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದೇ ಮೊದಲನೆಯದು.

3. ಕೆಂಪು ಮೊದಲು, ಬಿಳಿ ಆಮೇಲೆ

ಊಟದ ಮೇಜಿನಲ್ಲಿ ಬಿಳಿ ಮೊದಲು ಬರುತ್ತದೆ. ಬರ್ಗಂಡಿಯ ನೆಲಮಾಳಿಗೆಯಲ್ಲಿ ಎಷ್ಟೋ ಜನ ಪೀಪಾಯಿಯಿಂದ ಕೆಂಪನ್ನೇ ಮೊದಲು ತೆಗೆದು ಕೊಡುತ್ತಾರೆ. ಎಳೆಯ ಕೆಂಪು ವೈನಿನ ಒಗರು ಬಾಯಿಯನ್ನು ಒಣಗಿಸುತ್ತದೆ, ಅದರ ಹಿಂದೆ ಬಂದ ಬಿಳಿಯ ಹುಳಿ ನಾಲಿಗೆಯನ್ನು ತೊಳೆದು ಬಿಡುತ್ತದೆ. ಬಿಳಿಯ ಹುಳಿ ಕುಡಿದ ಮೇಲೆ ಕೆಂಪು ಹಿಡಿದರೆ ಒಗರು ಇಮ್ಮಡಿಯಾಗಿ ಕಾಣುತ್ತದೆ. ರುಚಿ ನೋಡಿ ಉಗುಳಿ. ಅದು ಅವಮಾನವಲ್ಲ, ಕೆಲಸ. ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಮೂವತ್ತು ಪೀಪಾಯಿ ನೋಡಬೇಕಾದವರು ನುಂಗುತ್ತಾ ಕೂತರೆ ಹತ್ತನೆಯದರ ಹೊತ್ತಿಗೆ ಎಲ್ಲವೂ ಚೆನ್ನಾಗಿದೆ ಅನ್ನಿಸತೊಡಗುತ್ತದೆ.

4. ಹಿಮ ಬಿದ್ದ ವರ್ಷ ಬೆನ್ನು ತಿರುಗಿಸಬೇಡಿ

2021ರ ಮಾರ್ಚ್ ಕೊನೆಯಲ್ಲಿ ಬಿಸಿಲು ಏರಿತ್ತು, ಬಳ್ಳಿಗಳು ಬೇಗ ಚಿಗುರಿದ್ದವು. ಏಪ್ರಿಲ್ ಮೊದಲ ವಾರದಲ್ಲೇ ಫ್ರಾನ್ಸಿನ ಬಹುಪಾಲು ತೋಟಗಳ ಮೇಲೆ ಶೂನ್ಯಕ್ಕಿಂತ ಕೆಳಗಿನ ಚಳಿ ಇಳಿಯಿತು. ಶಾಬ್ಲಿಯಲ್ಲಿ ಸಾಲುಗಳ ನಡುವೆ ಬಕೆಟ್ ಗಾತ್ರದ ಮೇಣದ ಡಬ್ಬಿಗಳನ್ನು ಹಚ್ಚಿ ರಾತ್ರಿಯೆಲ್ಲ ಕಾದರು. ಇನ್ನು ಕೆಲವರು ಚಿಗುರಿನ ಮೇಲೆ ನೀರು ಸಿಂಪಡಿಸಿದರು. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖ ಒಳಗಿನ ಚಿಗುರನ್ನು ಕಾಯುತ್ತದೆ. ಬೆಳಿಗ್ಗೆ ಇಡೀ ತೋಟ ಗಾಜಿನ ಗೂಡಿನೊಳಗೆ ನಿಂತಂತಿರುತ್ತದೆ. ಅಷ್ಟು ಮಾಡಿಯೂ ಅನೇಕರ ಚಿಗುರು ಕಂದಿ ತಂಬಾಕಿನ ಪುಡಿಯಂತೆ ಉದುರಿತು.

ಆಲಿಕಲ್ಲು ಬಿದ್ದ ಮರುದಿನ ಮೌನವಾಗಿ ತೋಟ ಸುತ್ತುವ ಅಪ್ಪನನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಆ ವರ್ಷ ಇಲ್ಲಿಯೂ ಅದೇ ನಡಿಗೆ ಕಂಡೆ. ಬರ್ಗಂಡಿಯ ಒಂದು ಪೀಪಾಯಿ 228 ಲೀಟರ್, ಸುಮಾರು 300 ಬಾಟಲಿ. ಪ್ರತಿ ವರ್ಷ ಹತ್ತು ಪೀಪಾಯಿ ತುಂಬುವ ಮನೆಗೆ ಎರಡೇ ತುಂಬಿದರೆ ಸಾಲದ ಕಂತು ನಿಲ್ಲುವುದಿಲ್ಲ. ಅಂಥ ವರ್ಷದ ವೈನ್ ಹಗುರವಿರಬಹುದು, ಬೇಗ ಕುಡಿಯುವಂಥದ್ದಿರಬಹುದು. ನಮಗೆ ಬರುವ ಪಾಲು ಕಡಿಮೆಯಾದರೂ ಆ ಮನೆಯಿಂದಲೇ ಕೊಳ್ಳಬೇಕು. ಸಮೃದ್ಧಿಯ ವರ್ಷ ಅವರು ಮೊದಲು ಫೋನ್ ಮಾಡುವುದು ಕಷ್ಟದ ವರ್ಷ ಬಂದವರಿಗೆ.

5. ಸೆಕೆಯೂರಿಗೆ ಒಯ್ಯುವ ಮೊದಲು ಯೋಚಿಸಿ

ಬೋಜೋಲೆಯ ಮೊರ್ಗೋಂನಲ್ಲಿ ಮಾರ್ಸೆಲ್ ಲಾಪಿಯೇರ್ ಎಂಬ ಬೆಳೆಗಾರರಿದ್ದರು. ರಸಾಯನಶಾಸ್ತ್ರ ಬಲ್ಲ ಝೂಲ್ ಶೊವೇ ಅವರಿಂದ ಕಲಿತು, ಗಂಧಕವನ್ನು ಆದಷ್ಟು ಕಡಿಮೆ ಬಳಸಿ ಗಾಮೇ ದ್ರಾಕ್ಷಿಯ ವೈನ್ ಮಾಡಿದರು. 2010ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ದಾರಿ ಹಿಡಿದವರು ಫ್ರಾನ್ಸಿನ ಎಲ್ಲ ಕಡೆ ಇದ್ದರು. ಇಂಥ ವೈನ್ ನನಗೆ ಬಹಳ ಇಷ್ಟ. ಆದರೆ ಗಂಧಕ ಕಾವಲುಗಾರನಂತೆ. ಕಾವಲು ಇಲ್ಲದ ವೈನ್ ಶಾಖ ತಡೆಯುವುದಿಲ್ಲ. ಒಂದು ಮೇ ತಿಂಗಳಲ್ಲಿ ಸೋದರಮಾವನಿಗೆಂದು ಎರಡು ಬಾಟಲಿ ಒಯ್ದೆ. ಬೆಂಗಳೂರಿನಿಂದ ವಿಜಯಪುರಕ್ಕೆ ಹಗಲು ಪ್ರಯಾಣ, ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ. ಮನೆಯಲ್ಲಿ ತೆಗೆದಾಗ ಬಿರಡೆ ಮೇಲೆದ್ದಿತ್ತು, ಕುತ್ತಿಗೆಯಲ್ಲಿ ಅಂಟು. ಗ್ಲಾಸಿಗೆ ಹಾಕಿದರೆ ನೊರೆ, ಹುಳಿತ ಸೇಬಿನ ವಾಸನೆ. ಮಾವ ಏನೂ ಅನ್ನದೆ ಒಂದು ಗುಟುಕು ಕುಡಿದರು. ಬೆಳೆಗಾರರ ಒಂದು ವರ್ಷದ ದುಡಿಮೆಯನ್ನು ನಾನು ಒಂದು ಹಗಲಿನಲ್ಲಿ ಕೆಡಿಸಿದ್ದೆ.

6. ಕೋಣೆಯ ಶಾಖವೆಂದರೆ ನಮ್ಮ ಕೋಣೆಯಲ್ಲ

ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕೊಡಬೇಕೆಂಬ ಮಾತು ಫ್ರಾನ್ಸಿನ ಹಳೆಯ ಕಲ್ಲಿನ ಮನೆಗಳದ್ದು. ಅಲ್ಲಿ ಕೋಣೆಯೆಂದರೆ 16-17 ಡಿಗ್ರಿ. ನಮ್ಮ ಬೇಸಿಗೆಯಲ್ಲಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಳಿಯನ್ನು ಕುಡಿಯುವ ಕಾಲು ಗಂಟೆ ಮೊದಲು ಹೊರಗೆ ತೆಗೆಯಿರಿ. ಮಂಜುಗಡ್ಡೆಯಂತಿದ್ದರೆ ವೂವ್ರೇಯ ಶನಾಂ ಬ್ಲಾಂನಂಥ ಬಿಳಿ ವೈನ್ ಕೂಡ ಬಾಯಿ ಬಿಡುವುದಿಲ್ಲ.

7. ಹೋಗುವುದಾದರೆ ಚಾಟ್ನಿಯ ಕಾಲಕ್ಕೆ ಹೋಗಿ

ಸೆಪ್ಟೆಂಬರ್‌ನಲ್ಲಿ ಬೆಳೆಗಾರರ ಬಳಿ ಹೋಗಬೇಡಿ. ಕೊಯ್ಲಿನ ಗಡಿಬಿಡಿಯಲ್ಲಿ ಯಾರಿಗೂ ಮಾತಿಗೆ ಪುರಸೊತ್ತಿಲ್ಲ. ಇಲ್ಲಿ ಚಾಟ್ನಿ ನಡೆಯುವ ಜನವರಿಯಲ್ಲಿ, ಫೆಬ್ರುವರಿಯಲ್ಲಿ ಹೋಗಿ; ಮೊದಲೇ ಫೋನ್ ಮಾಡಿ. ಆಗ ಅವರು ಸಾಲಿನಲ್ಲಿ ಒಬ್ಬರೇ ಕತ್ತರಿ ಹಿಡಿದು ಬಾಗಿರುತ್ತಾರೆ, ಕತ್ತರಿಸಿದ ಕಡ್ಡಿ ಪಕ್ಕದ ತಳ್ಳುಗಾಡಿಯಲ್ಲಿ ಹೊಗೆಯಾಡುತ್ತಿರುತ್ತದೆ. ಯಾವ ಕಣ್ಣು ಉಳಿಸುತ್ತೀರಿ, ಯಾಕೆ ಎಂದು ಕೇಳಿ. ಮಾತು ತಾನಾಗಿ ಬರುತ್ತದೆ, ಆಮೇಲೆ ನೆಲಮಾಳಿಗೆಯ ಬಾಗಿಲೂ ತೆರೆಯುತ್ತದೆ. ಹೊರಡುವಾಗ ಆರು ಬಾಟಲಿಯಾದರೂ ಕೊಂಡು ಬನ್ನಿ, ಬೆಲೆ ಚೌಕಾಸಿ ಮಾಡಬೇಡಿ.