ಸಹಾಯಕರಾಗಲೂ ಓದಬೇಕೆ?

‘ಸಹಾಯಕ’ ಎಂಬ ಮಾತಿಗೆ ನಮ್ಮಲ್ಲಿ ಸಲ್ಲಬೇಕಾದಷ್ಟು ಗೌರವ ಸಲ್ಲುತ್ತಿಲ್ಲ. ಒಬ್ಬರ ಕೈಕೆಳಗಿದ್ದು ಹೇಳಿದ್ದನ್ನು ಮಾಡುವವನೆಂದಷ್ಟೇ ಅದರ ಅರ್ಥವೆಂದು ತಿಳಿದುಬಿಡುತ್ತೇವೆ. ವೈದ್ಯರ ಬಳಿಯಿರುವ ಸಹಾಯಕನ ವಿಷಯದಲ್ಲಿ ನಮ್ಮ ಹಳ್ಳಿಗಳ ಭಾವನೆ ಎರಡು ತುದಿಗಳಿಗೆ ಹೋಗುವುದುಂಟು. ಡಾಕ್ಟರಿರುವಾಗ ಅವನು ಕೇವಲ ಚೀಟಿ ಕೊಡುವ ಆಳು; ಡಾಕ್ಟರಿಲ್ಲದ ದಿನ ಅವನೇ ಡಾಕ್ಟರು! ಇವೆರಡರ ನಡುವೆ ಅವನಿಗೊಂದು ಸರಿಯಾದ ಸ್ಥಾನವುಂಟು, ಆ ಸ್ಥಾನಕ್ಕೆ ಒಂದು ವಿದ್ಯೆಯುಂಟು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಲಾವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಂಗಿ ಈ ವರ್ಷ ಪಿ.ಯು.ಸಿ. ಮುಗಿಸುತ್ತಾಳೆ. ಪ್ಯಾರಾಮೆಡಿಕಲ್ ಡಿಪ್ಲೊಮಾಕ್ಕೆ ಸೇರಬೇಕೆಂಬುದು ಅವಳ ಆಸೆ. “ಓದಿದರೆ ಡಾಕ್ಟರಾಗಲಿ, ಇಲ್ಲವೆ ಅಣ್ಣನ ಹಾಗೆ ಬಿ.ಎ. ಮಾಡಲಿ, ಸಹಾಯಕಳಾಗಲೂ ಓದಬೇಕೆ?” ಎಂದು ನಮ್ಮ ದೊಡ್ಡಪ್ಪನವರು ಕೇಳಿದರು. ಅವರಿಗೆ ಸರಿಯಾದ ಉತ್ತರ ಕೊಡಬೇಕೆಂದು, ಈ ಬಗೆಯ ಶಿಕ್ಷಣವು ಕ್ರಮವಾಗಿ ಬೆಳೆದಿರುವ ಅಮೆರಿಕದ ತಾಂತ್ರಿಕ ಕಾಲೇಜುಗಳ ವಿಷಯವನ್ನು ಓದತೊಡಗಿದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಂಥ 16 ತಾಂತ್ರಿಕ ಕಾಲೇಜುಗಳಿವೆ. ದುಡಿಯುವವರಿಗೆ ಕಸಬಿನ ಶಿಕ್ಷಣ ಕೊಡಬೇಕೆಂದು ಅಲ್ಲಿ 1911ರಲ್ಲಿ ಆದ ಕಾಯಿದೆಯೇ ಇವುಗಳ ಮೂಲ. ಮರ ಕೆಲಸ, ಬೆಸುಗೆ, ಯಂತ್ರಗಳ ದುರಸ್ತಿಯಂತೆಯೇ ವೈದ್ಯ ಸಹಾಯಕರ ಕೆಲಸವೂ ಇಂಥ ಕಾಲೇಜುಗಳಲ್ಲಿ ಒಂದು ಪಾಠ. ಸುಮಾರು ಒಂದು ವರ್ಷದ ಈ ಡಿಪ್ಲೊಮಾದಲ್ಲಿ ಎರಡು ಭಾಗಗಳು. ರೋಗಿಗಳ ಸರದಿ, ದಾಖಲೆ, ವಿಮೆಯ ಲೆಕ್ಕಪತ್ರ ಇವು ಕಚೇರಿಯ ಭಾಗ. ನಾಡಿ, ಜ್ವರ, ರಕ್ತದೊತ್ತಡ ಅಳೆಯುವುದು, ಚುಚ್ಚುಮದ್ದು ಕೊಡುವುದು, ಪರೀಕ್ಷೆಗೆ ರಕ್ತ ತೆಗೆಯುವುದು ಇವು ಚಿಕಿತ್ಸೆಯ ಭಾಗ. ಮಾನ್ಯತೆ ಪಡೆದ ಶಿಕ್ಷಣಕ್ರಮದಲ್ಲಿ ಕಡೆಗೆ ಕನಿಷ್ಠ 160 ಗಂಟೆಗಳ ಕಾಲ ನಿಜವಾದ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿ ಕಲಿಯಬೇಕು. 1956ರಲ್ಲಿ ಸ್ಥಾಪಿತವಾದ ಅಮೆರಿಕದ ವೈದ್ಯ ಸಹಾಯಕರ ಸಂಘವು ಪ್ರಮಾಣಪತ್ರದ ಪರೀಕ್ಷೆಯನ್ನು ನಡೆಸುತ್ತದೆ. ಆ ಪತ್ರವನ್ನು ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು.

ಇಷ್ಟಕ್ಕೆಲ್ಲ ಕಾಲೇಜು ಬೇಕೆ? ರಕ್ತದೊತ್ತಡದ ಉದಾಹರಣೆಯನ್ನೇ ನೋಡೋಣ. ಮೇಲ್ನೋಟಕ್ಕೆ ಅದು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುವ ಕೆಲಸ. ಆದರೆ ಅದಕ್ಕೆ ಮೊದಲು ರೋಗಿಯು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆಯಿರಬೇಕು, ಪಾದಗಳು ನೆಲ ಮುಟ್ಟಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡವು ಇರುವುದಕ್ಕಿಂತ ಹೆಚ್ಚಾಗಿ ಕಾಣುವುದು. ಪಟ್ಟಿಯ ಗಾಳಿಯನ್ನು ಇಳಿಸುತ್ತ ಬಂದಾಗ ಸ್ಟೆತೊಸ್ಕೋಪಿನಲ್ಲಿ ಮೊದಲು ಕೇಳುವ ಬಡಿತವೇ ಮೇಲಿನ ಅಂಕಿ. ಸದ್ದು ಅಡಗುವ ಕಡೆ ಕೆಳಗಿನ ಅಂಕಿ. ಈ ವಿಧಾನವನ್ನು 1905ರಲ್ಲಿ ತಿಳಿಸಿದವನು ರಷ್ಯದ ವೈದ್ಯ ನಿಕೊಲಾಯ್ ಕೊರೊಟ್ಕೊವ್. ಸಹಾಯಕನು ಬರೆದಿಟ್ಟ ಅಂಕಿ ತಪ್ಪಾದರೆ, ಅದನ್ನು ನಂಬಿದ ವೈದ್ಯರು ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿಸಿಯಾರು.

ರಕ್ತ ತೆಗೆಯುವುದರಲ್ಲಿಯೂ ಹೀಗೆಯೇ. ಸೂಜಿ ಚುಚ್ಚಲು ಬಂದರೆ ಸಾಲದು. ಬಣ್ಣಬಣ್ಣದ ಮುಚ್ಚಳದ ಕೊಳವೆಗಳನ್ನು ಯಾವ ಕ್ರಮದಲ್ಲಿ ತುಂಬಬೇಕೆಂಬುದೂ ತಿಳಿದಿರಬೇಕು. ನಸುನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಇ.ಡಿ.ಟಿ.ಎ. ಎಂಬ ದ್ರವ್ಯದ ಪೊಟ್ಯಾಸಿಯಂ ಲವಣವನ್ನು ಹಾಕಿರುತ್ತಾರೆ. ಅದನ್ನು ಮೊದಲು ತುಂಬಿ, ಅದರ ಅಂಶ ಮುಂದಿನ ಕೊಳವೆಗೆ ಸೇರಿಬಿಟ್ಟರೆ, ಆ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿಯೂ ಕ್ಯಾಲ್ಸಿಯಂ ಕಡಿಮೆಯಾಗಿಯೂ ತೋರುವುದು. ಗಟ್ಟಿಮುಟ್ಟಾದ ಮನುಷ್ಯ ಕಾಗದದ ಮೇಲೆ ರೋಗಿಯಾಗುವನು!

ಆದರೆ ನನಗೆ ಎಲ್ಲಕ್ಕಿಂತ ದೊಡ್ಡ ಪಾಠವೆನಿಸಿದುದು ಬೇರೊಂದು. ಏನು ಮಾಡಬೇಕೆಂಬುದರ ಜೊತೆಗೆ ಏನು ಮಾಡಬಾರದೆಂಬುದನ್ನೂ ಅಲ್ಲಿ ಅಷ್ಟೇ ಕಟ್ಟುನಿಟ್ಟಾಗಿ ಕಲಿಸುತ್ತಾರೆ. ಸಹಾಯಕನು ರೋಗವಿದೆಂದು ನಿರ್ಣಯಿಸುವಂತಿಲ್ಲ. ತನ್ನ ಮನಸ್ಸಿಗೆ ಬಂದ ಔಷಧಿಯನ್ನು ಕೊಡುವಂತಿಲ್ಲ. ರೋಗಿಯ ಗುಟ್ಟನ್ನು ಹೊರಗೆ ಆಡುವಂತಿಲ್ಲ. ಇದಕ್ಕೆ 1996ರ ಕಾಯಿದೆಯ ಬಲವೂ ಉಂಟು. ಕಂಡುದನ್ನು ಸರಿಯಾಗಿ ಅಳೆದು, ಇದ್ದುದನ್ನು ಇದ್ದಂತೆ ಬರೆದು, ತನ್ನ ಎಲ್ಲೆಯಲ್ಲಿ ನಿಲ್ಲುವುದೇ ಅವನ ಧರ್ಮ. ನೋಡಿ ಕಲಿತವನಿಗೂ ಕೈಚಳಕ ಬರಬಹುದು. ಎಲ್ಲೆಯ ಅರಿವು ಮಾತ್ರ ಓದಿನಿಂದಲೂ ಶಿಸ್ತಿನಿಂದಲೂ ಬರತಕ್ಕದ್ದು.

ಈ ವೃತ್ತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಅಮೆರಿಕದಲ್ಲಿ ನೋಂದಾಯಿತ ದಾದಿಯರಿಗಿಂತ ಇವರ ಸಂಬಳ ಬಹಳ ಕಡಿಮೆ. ಆದರೂ ಏಳು ಲಕ್ಷಕ್ಕಿಂತ ಹೆಚ್ಚು ಜನ ಈ ಕೆಲಸದಿಂದ ಜೀವನ ಸಾಗಿಸುತ್ತಿದ್ದಾರೆ. ನಮ್ಮ ದೇಶದಲ್ಲಿಯೂ ವೈದ್ಯರ ಜೊತೆಗೆ ದುಡಿಯುವ ಇಂಥ ಹಲವು ವೃತ್ತಿಗಳ ಶಿಕ್ಷಣಕ್ಕೆ ಒಂದು ಮಟ್ಟವನ್ನು ಗೊತ್ತುಪಡಿಸಲು 2021ರಲ್ಲಿ ಸಂಸತ್ತು ಕಾಯಿದೆ ಮಾಡಿದೆ. ಕಾಯಿದೆಯಿಂದ ಮಟ್ಟ ಬಂದೀತು. ಗೌರವ ಬರಬೇಕಾದುದು ನಮ್ಮ ಮನೆಗಳಿಂದ.

ವಿದ್ಯಾರ್ಥಿಮಿತ್ರರೆ, ಪದವಿಯೊಂದೇ ವಿದ್ಯೆಯೆಂದು ನಾವು ತಿಳಿಯಬಾರದು. ತಮ್ಮ ತಂಗಿಯರು ಇಂಥ ಶಿಕ್ಷಣಕ್ಕೆ ಹೊರಟರೆ ಅಡ್ಡಬರುವ ಹಿರಿಯರೊಡನೆ ವಿನಯದಿಂದ ವಾದಿಸುವುದು ಓದಿದವರ ಕೆಲಸ. ದೊಡ್ಡಪ್ಪನವರಿಗೆ ನನ್ನ ಉತ್ತರ ಇಷ್ಟೆ: ಸಹಾಯಕರಾಗಲೂ ಓದಲೇಬೇಕು, ಏಕೆಂದರೆ ವೈದ್ಯರ ತೀರ್ಮಾನವು ಎಷ್ಟೋ ಸಲ ಸಹಾಯಕರು ಬರೆದಿಟ್ಟ ಅಂಕಿಯನ್ನು ನಂಬಿ ನಿಂತಿರುತ್ತದೆ.